ಸಣ್ಣ ದವಡೆಯ ಶಿಶುಗಳ ಮೊದಲ ಉಸಿರಿಗಾಗಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಹಾಗೂ ರಾಷ್ಟ್ರೀಯ ಆರೋಗ್ಯ ಅಭಿಯಾನದ ರಾಜ್ಯ ನಿರ್ದೇಶಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಕೆಳದವಡೆ ತೀರ ಸಣ್ಣದಾಗಿ, ಹಿಂದಕ್ಕೆ ಸರಿದುಕೊಂಡು ಹುಟ್ಟುವ ಶಿಶುಗಳ ಪ್ರಾಣ ಮೊದಲ ಕೆಲವು ನಿಮಿಷಗಳಲ್ಲಿ ಯಾರ ಕೈಯಲ್ಲಿರುತ್ತದೆ ಮತ್ತು ಆ ಕೈಗಳಿಗೆ ನಾವು ಏನನ್ನು ಕಲಿಸಿದ್ದೇವೆ ಎಂಬುದರ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ನಾನು ರಾಜ್ಯದ ಉತ್ತರ ಭಾಗದ ಜಿಲ್ಲೆಯೊಂದರ ನವಜಾತ ಶಿಶು ವಿಶೇಷ ಆರೈಕೆ ಘಟಕದಲ್ಲಿ, ನಾವೆಲ್ಲ ಎಸ್‌ಎನ್‌ಸಿಯು ಎಂದು ಕರೆಯುವ ವಿಭಾಗದಲ್ಲಿ, ಕೆಲಸ ಮಾಡುವ ಮಕ್ಕಳ ವೈದ್ಯೆ. ಇದನ್ನು ಇಲಾಖೆಗೆ ಮಾತ್ರ ಬರೆದು ಸುಮ್ಮನಾಗಬಹುದಿತ್ತು. ಆದರೆ ಈ ವಿಷಯ ಹೆರಿಗೆ ಮಾಡಿಸುವ ಪ್ರತಿಯೊಬ್ಬ ಶುಶ್ರೂಷಾಧಿಕಾರಿಗೆ, ಗರ್ಭಿಣಿಯರ ಸ್ಕ್ಯಾನ್ ಮಾಡುವ ವೈದ್ಯರಿಗೆ, 108 ವಾಹನದ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ ಮತ್ತು ಮನೆಯಲ್ಲಿ ಬಾಣಂತನ ಮಾಡುವ ಹಿರಿಯರಿಗೆ ಸಮಾನವಾಗಿ ಸಂಬಂಧಿಸಿದ್ದಾದ್ದರಿಂದ ಎಲ್ಲರೂ ಓದುವಂತೆ ಬರೆಯುವುದೇ ಸರಿ ಎನಿಸಿತು.

ಈ ಸ್ಥಿತಿಗೆ ವೈದ್ಯಕೀಯದಲ್ಲಿ ಪಿಯರ್ ರಾಬಿನ್ ಸೀಕ್ವೆನ್ಸ್ ಎಂಬ ಹೆಸರಿದೆ. ಸಣ್ಣ ದವಡೆಯ ಶಿಶುಗಳಲ್ಲಿ ನಾಲಿಗೆಯ ಬುಡ ಗಂಟಲಿಗೆ ಬಿದ್ದು ಉಸಿರಿನ ದಾರಿಯನ್ನು ಮುಚ್ಚುವುದನ್ನು 1923ರಲ್ಲಿ ವಿವರಿಸಿದ ಫ್ರೆಂಚ್ ದಂತವೈದ್ಯ ಪಿಯರ್ ರಾಬಿನ್ ಅವರಿಂದ ಬಂದ ಹೆಸರು ಅದು. ಒಂದು ತೊಡಕಿನಿಂದ ಇನ್ನೊಂದು ಹುಟ್ಟುತ್ತ ಹೋಗುವುದು ಇದರ ಸ್ವಭಾವ. ಗರ್ಭದ ಎರಡನೆಯ ಮತ್ತು ಮೂರನೆಯ ತಿಂಗಳಲ್ಲಿ ಕೆಳದವಡೆ ಮುಂದಕ್ಕೆ ಬೆಳೆಯಬೇಕು, ಅದರ ಜೊತೆಗೆ ನಾಲಿಗೆ ಕೆಳಗಿಳಿಯಬೇಕು, ಆಗ ಮೇಲಿನ ಅಂಗುಳದ ಎರಡು ಬದಿಗಳು ನಡುವೆ ಬಂದು ಕೂಡಿಕೊಳ್ಳುತ್ತವೆ. ದವಡೆ ಬೆಳೆಯದೆ ಉಳಿದರೆ ನಾಲಿಗೆಗೆ ಜಾಗವಿಲ್ಲದೆ ಅದು ಮೇಲೆಯೇ ನಿಲ್ಲುತ್ತದೆ ಮತ್ತು ಅಂಗುಳ ಕೂಡಿಕೊಳ್ಳಲು ಅಡ್ಡಿಯಾಗುತ್ತದೆ. ಆದ್ದರಿಂದಲೇ ಈ ಶಿಶುಗಳಲ್ಲಿ ಹೆಚ್ಚಿನವರ ಅಂಗುಳದಲ್ಲಿ ಅಗಲವಾದ, ದುಂಡನೆಯ ಅಂಚಿನ ಸೀಳು ಇರುತ್ತದೆ, ತುಟಿ ಮಾತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತುಟಿ ಸರಿಯಿರುವುದರಿಂದ ಬಾಯಿ ತೆರೆದು ನೋಡದವರಿಗೆ ಸೀಳು ಕಾಣುವುದಿಲ್ಲ. ಸಣ್ಣ ಗದ್ದವನ್ನು ಕಂಡವರು, ತಂದೆಯ ಕಡೆಯವರ ಹೋಲಿಕೆಯಿರಬೇಕು ಎಂದು ಸಮಾಧಾನಪಟ್ಟುಕೊಳ್ಳುವುದೂ ಉಂಟು.

ಇಂಥ ಶಿಶುಗಳು ಅಪರೂಪ ಎಂಬ ಮಾತು ಇಲಾಖೆಯ ಸಭೆಗಳಲ್ಲಿ ಬರುವುದು ಸಹಜ. ಬೇರೆ ಬೇರೆ ದೇಶಗಳ ಅಧ್ಯಯನಗಳು ಸಾಮಾನ್ಯವಾಗಿ 8,500ರಿಂದ 14,000 ಜನನಗಳಿಗೆ ಒಂದು ಎಂಬ ಪ್ರಮಾಣವನ್ನು ಹೇಳುತ್ತವೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂಬತ್ತು ಹತ್ತು ಲಕ್ಷ ಮಕ್ಕಳು ಹುಟ್ಟುತ್ತವೆ ಎಂದು ಹಿಡಿದರೆ, ಆ ಲೆಕ್ಕದಲ್ಲಿ ಪ್ರತಿ ವರ್ಷ 65ರಿಂದ 120 ಶಿಶುಗಳು ಈ ತೊಂದರೆಯೊಂದಿಗೆ ಹುಟ್ಟಬೇಕು. ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್‌ನಂತಹ, ಮುಖದ ಮೂಳೆಗಳ ಬೆಳವಣಿಗೆಯನ್ನೇ ಕುಂಠಿಸುವ ಬೇರೆ ಸ್ಥಿತಿಗಳಲ್ಲಿಯೂ ದವಡೆ ಸಣ್ಣದಿರುತ್ತದೆ, ಅವರದು ಈ ಲೆಕ್ಕಕ್ಕೆ ಹೊರತು. ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೊಠಡಿಯಲ್ಲಿ ಹಲವು ವರ್ಷ ದುಡಿದ ನರ್ಸ್ ಒಬ್ಬರು ಇಂಥ ಒಂದು ಮಗುವನ್ನೂ ಕಾಣದೆ ಇರಬಹುದು. ತರಬೇತಿ ಬೇಕೆನ್ನುವುದು ಅದೇ ಕಾರಣಕ್ಕೆ. ದಿನನಿತ್ಯ ಕಾಣುವ ತೊಂದರೆಯನ್ನು ಅನುಭವವೇ ಕಲಿಸುತ್ತದೆ. ಎಂದೋ ಒಮ್ಮೆ ಎದುರಾಗುವುದನ್ನು ಮೊದಲೇ ಯಾರಾದರೂ ಹೇಳಿಕೊಡಬೇಕು.

ಹೇಳಿಕೊಡಬೇಕಾದದ್ದು ಹೆಚ್ಚೇನೂ ಇಲ್ಲ ಎಂಬುದು ಈ ಪತ್ರದ ಮುಖ್ಯ ಮಾತು. ಮಗುವನ್ನು ಬೋರಲು ಮಲಗಿಸಬೇಕು. ಅದರಿಂದ ಸಾಲದಿದ್ದರೆ ಮೂಗಿನ ಮೂಲಕ ಗಂಟಲಿನವರೆಗೆ ಒಂದು ಸಣ್ಣ ಟ್ಯೂಬನ್ನು ಇಳಿಸಬೇಕು. ಈ ಎರಡು ಕೆಲಸಗಳನ್ನು ಹೆರಿಗೆ ಕೊಠಡಿಯಲ್ಲಿರುವ ಯಾರಾದರೂ ಕಲಿಯಬಹುದು, ಬೇಕಾದ ಸಾಮಗ್ರಿಯೂ ಹೆರಿಗೆಯಾಗುವ ನಮ್ಮ ಹೆಚ್ಚಿನ ಆಸ್ಪತ್ರೆಗಳ ಟ್ರೇಯಲ್ಲಿ ಈಗಾಗಲೇ ಇದೆ.

ಮಗುವನ್ನು ಅಂಗಾತ ಮಲಗಿಸಿದಾಗ ಹಿಂದೆ ಸರಿದ ದವಡೆಯೊಂದಿಗೆ ನಾಲಿಗೆಯೂ ತನ್ನ ಭಾರಕ್ಕೆ ಹಿಂದಕ್ಕೆ ಜಾರಿ ಗಂಟಲಿನ ಹಿಂಗೋಡೆಗೆ ಅಂಟಿಕೊಳ್ಳುತ್ತದೆ. ಎದೆ ಏಳುತ್ತದೆ, ಪಕ್ಕೆಲುಬುಗಳ ನಡುವಿನ ಚರ್ಮ ಮತ್ತು ಕುತ್ತಿಗೆಯ ಕೆಳಗಿನ ಗುಳಿ ಒಳಕ್ಕೆ ಎಳೆದುಕೊಳ್ಳುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ನೋಡುವವರಿಗೆ ಮಗು ಉಸಿರಾಡುತ್ತಿದೆ ಎನಿಸುತ್ತದೆ, ಏಕೆಂದರೆ ಎದೆ ಅಲುಗಾಡುತ್ತಿರುತ್ತದೆ. ನಮ್ಮ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿ 2009ರಿಂದ ನಡೆದುಕೊಂಡು ಬಂದಿದೆ. ಮಗುವನ್ನು ಒರೆಸಿ, ಬೆಚ್ಚಗಿಟ್ಟು, ತಲೆಯನ್ನು ಸರಿಯಾದ ಕೋನಕ್ಕೆ ತಂದು, ಉಸಿರಾಡದಿದ್ದರೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡುವುದನ್ನು ಅದು ಸಾವಿರಾರು ಕೈಗಳಿಗೆ ಕಲಿಸಿ ಅಸಂಖ್ಯ ಮಕ್ಕಳನ್ನು ಉಳಿಸಿದೆ. ಆ ತರಬೇತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಲ್ಲಿ ಕಲಿಸುವುದೆಲ್ಲ ಮಗು ಅಂಗಾತ ಇರುವಾಗಿನ ಕ್ರಮ. ಸಣ್ಣ ದವಡೆಯ ಮಗುವಿನ ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಕೂತರೂ ನಾಲಿಗೆ ಅಡ್ಡವಿರುವುದರಿಂದ ಎದೆ ಏಳುವುದಿಲ್ಲ. ಕಲಿತದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರೂ ಮಗು ನೀಲಿಗಟ್ಟುತ್ತ ಹೋದಾಗ ಎದುರಿಗಿರುವ ಸಿಬ್ಬಂದಿ ಏನು ಮಾಡಬೇಕು? ಅವರಿಗೆ ಮುಂದಿನ ಹೆಜ್ಜೆಯನ್ನು ನಾವು ಹೇಳಿಯೇ ಇಲ್ಲ.

ಮುಂದಿನ ಹೆಜ್ಜೆ ಎಂದರೆ ಮಗುವನ್ನು ಬೋರಲು ಮಾಡುವುದು. ಆಗ ನಾಲಿಗೆ ಮತ್ತು ದವಡೆ ಎರಡೂ ತಮ್ಮ ಭಾರಕ್ಕೆ ಮುಂದಕ್ಕೆ ಜೋಲುತ್ತವೆ, ಗಂಟಲು ತೆರೆದುಕೊಳ್ಳುತ್ತದೆ. ತೀವ್ರತೆ ಕಡಿಮೆಯಿರುವ ಬಹಳಷ್ಟು ಶಿಶುಗಳಿಗೆ ಇಷ್ಟೇ ಸಾಕಾಗುತ್ತದೆ. ಆರೋಗ್ಯವಂತ ಶಿಶುಗಳನ್ನು ನಿದ್ದೆಗೆ ಅಂಗಾತವೇ ಮಲಗಿಸಬೇಕು ಎಂದು ನಾವು ತಾಯಂದಿರಿಗೆ ಹೇಳುತ್ತ ಬಂದಿದ್ದೇವೆ, ಆ ಸಲಹೆ ಹಾಗೆಯೇ ಇರಬೇಕು. ಈ ಮಕ್ಕಳು ಅದಕ್ಕೆ ಅಪವಾದ, ಮತ್ತು ಬೋರಲು ಮಲಗಿರುವಷ್ಟು ಹೊತ್ತೂ ಅವರ ಮೇಲೆ ಕಣ್ಣಿಟ್ಟಿರಬೇಕು.

ಬೋರಲು ಮಲಗಿಸಿದರೂ ಉಸಿರು ಸರಾಗವಾಗದಿದ್ದರೆ ಟ್ಯೂಬ್. ಇದಕ್ಕೆ ಹೊಸದಾಗಿ ಏನನ್ನೂ ಖರೀದಿಸಬೇಕಾಗಿಲ್ಲ. ಶ್ವಾಸನಾಳಕ್ಕೆ ಹಾಕಲೆಂದು ಇಟ್ಟಿರುವ ಎಂಡೋಟ್ರೇಕಿಯಲ್ ಟ್ಯೂಬುಗಳಲ್ಲಿ 2.5 ಅಥವಾ 3 ಮಿ.ಮೀ. ಅಳತೆಯದನ್ನು ತೆಗೆದುಕೊಂಡು, ಜೆಲ್ಲಿ ಸವರಿ, ಒಂದು ಮೂಗಿನ ಹೊಳ್ಳೆಯಿಂದ ಮೆಲ್ಲಗೆ ಇಳಿಸಬೇಕು. ಹೊಳ್ಳೆಯಿಂದ ಕಿವಿಯವರೆಗಿನ ದೂರ ಅಂದಾಜಿನ ಉದ್ದ. ಟ್ಯೂಬಿನ ತುದಿ ನಾಲಿಗೆಯ ಬುಡವನ್ನು ದಾಟಿರಬೇಕು, ಆದರೆ ಧ್ವನಿತಂತುಗಳ ಮೇಲೆಯೇ ನಿಲ್ಲಬೇಕು, ಶ್ವಾಸನಾಳದೊಳಗೆ ಹೋಗಬಾರದು. ಗಂಟಲಿನೊಳಗೆ ನೋಡಲು ಬಳಸುವ ಲ್ಯಾರಿಂಗೋಸ್ಕೋಪ್ ಎಂಬ ಉಪಕರಣ ಬೇಕಿಲ್ಲ, ಧ್ವನಿತಂತುಗಳನ್ನು ಕಣ್ಣಿನಿಂದ ಕಾಣಬೇಕಾಗಿಯೂ ಇಲ್ಲ. ಟ್ಯೂಬಿನ ಹೊರತುದಿಗೆ ಕಿವಿಯಿಟ್ಟರೆ ಗಾಳಿ ಹೋಗಿಬರುವ ಸದ್ದು ಕೇಳಿಸುತ್ತದೆ, ಒಳಕ್ಕೆ ಎಳೆದುಕೊಳ್ಳುತ್ತಿದ್ದ ಎದೆ ತಹಬಂದಿಗೆ ಬರುತ್ತದೆ. ಅನಂತರ ಪ್ಲಾಸ್ಟರ್ ಹಾಕಿ ಭದ್ರಪಡಿಸಿ, ಕಫ ಕಟ್ಟಿಕೊಳ್ಳದಂತೆ ಆಗಾಗ ಸಕ್ಷನ್ ಮಾಡುತ್ತಿದ್ದರಾಯಿತು. ಈ ಒಂದು ಕೌಶಲವನ್ನು ಗೊಂಬೆಯ ಮೇಲೆ ಕಲಿಸಲು ತರಬೇತಿಯ ಒಂದು ಮಧ್ಯಾಹ್ನ ಸಾಕು.

ಇದೂ ಫಲಿಸದ ಕೆಲವು ಶಿಶುಗಳಿರುತ್ತವೆ. ಅಲ್ಲಿ ನಾವು ಸಾಮಾನ್ಯವಾಗಿ ಕಾಣುವ ಅಪಾಯವೆಂದರೆ, ಶ್ವಾಸನಾಳಕ್ಕೆ ಟ್ಯೂಬ್ ಹಾಕಲೇಬೇಕೆಂಬ ಹಟದಲ್ಲಿ ಮತ್ತೆ ಮತ್ತೆ ಪ್ರಯತ್ನಿಸುವುದು. ದವಡೆ ಸಣ್ಣದಿದ್ದಾಗ ಲ್ಯಾರಿಂಗೋಸ್ಕೋಪ್‌ನಲ್ಲಿ ಧ್ವನಿತಂತುಗಳು ಕಾಣುವುದೇ ಕಷ್ಟ. ನುರಿತ ಅರಿವಳಿಕೆ ತಜ್ಞರಿಗೂ ಅದು ಸವಾಲು. ಪ್ರತಿ ಪ್ರಯತ್ನಕ್ಕೂ ಗಂಟಲು ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ, ಇದ್ದ ಇಕ್ಕಟ್ಟಾದ ದಾರಿಯೂ ಮುಚ್ಚಿಹೋಗುತ್ತದೆ. ಇಂಥ ಹೊತ್ತಿನಲ್ಲಿ ಲ್ಯಾರಿಂಜಿಯಲ್ ಮಾಸ್ಕ್ ಪ್ರಾಣ ಉಳಿಸಬಲ್ಲದು. ಅದನ್ನು ಬಾಯಿಯ ಮೂಲಕ ಬೆರಳಿನಿಂದಲೇ ಒಳಗೆ ದೂಡಿ ಧ್ವನಿಪೆಟ್ಟಿಗೆಯ ಮೇಲೆ ಕೂರಿಸಲಾಗುತ್ತದೆ. ಒಂದನೇ ಅಳತೆಯದು 2 ಕಿಲೋಗಿಂತ ಹೆಚ್ಚು ತೂಗುವ ಶಿಶುಗಳಿಗೆ ಹೊಂದುತ್ತದೆ. ಸಿಸೇರಿಯನ್ ನಡೆಯುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ, ಹೆರಿಗೆ ಕೊಠಡಿಯ ಶಿಶು ಆರೈಕೆ ಮೂಲೆಯಲ್ಲಿಯೇ, ಇದು ಕನಿಷ್ಠ ಎರಡಾದರೂ ಇರಬೇಕು. ಆಪರೇಷನ್ ಥಿಯೇಟರಿನ ಬೀರುವಿನಲ್ಲಿದ್ದು, ಅದರ ಬೀಗದ ಕೈ ಬೇರೊಬ್ಬರ ಬಳಿ ಇದ್ದರೆ ಆ ಮಗುವಿನ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಆಮ್ಲಜನಕದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಉಸಿರಿನ ತೊಂದರೆ ಎಂದರೆ ಆಮ್ಲಜನಕ ಕೊಡುವುದು ಎಂದು ನಾವೆಲ್ಲ ರೂಢಿಸಿಕೊಂಡಿದ್ದೇವೆ. ದಾರಿಯೇ ಮುಚ್ಚಿದ ಮಗುವಿಗೆ ಮುಖದ ಬಳಿ ಆಮ್ಲಜನಕ ಹಿಡಿದರೆ ಪಲ್ಸ್ ಆಕ್ಸಿಮೀಟರಿನ ಅಂಕಿ ಮೇಲೇರಬಹುದು, ಮಗು ಗುಲಾಬಿ ಬಣ್ಣಕ್ಕೂ ತಿರುಗಬಹುದು. ಆದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗುವ ದಾರಿಯಿಲ್ಲದೆ ರಕ್ತದಲ್ಲಿ ಸೇರುತ್ತ ಹೋಗುತ್ತದೆ. 95 ಎಂಬ ಅಂಕಿಯನ್ನು ನೋಡಿ ನಿಶ್ಚಿಂತರಾದವರ ಎದುರೇ ಮಗು ಮಂಕಾಗುತ್ತ, ಕೊನೆಗೆ ಉಸಿರು ನಿಲ್ಲಿಸಬಹುದು. ಆದ್ದರಿಂದ ಇಂಥ ಮಗುವಿಗೆ ಮೊದಲು ದಾರಿ ತೆರೆಯಬೇಕು, ಅನಂತರ ಬೇಕಿದ್ದರೆ ಆಮ್ಲಜನಕ. ಪ್ರತಿ ಎಸ್‌ಎನ್‌ಸಿಯುವಿನಲ್ಲಿ ಈ ಇಂಗಾಲದ ಡೈಆಕ್ಸೈಡನ್ನು ಅಳೆಯುವ ರಕ್ತದ ಅನಿಲ ಪರೀಕ್ಷೆಯ ಸೌಲಭ್ಯ ಹಗಲು ರಾತ್ರಿ ದೊರೆಯಬೇಕು ಎಂದು ಕೇಳುತ್ತಿರುವುದು ಈ ಕಾರಣಕ್ಕೆ.

ಸಾಗಣೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಾನು ಕಂಡಿರುವ ಹಾನಿಯಲ್ಲಿ ಹೆಚ್ಚಿನದು ದಾರಿಯಲ್ಲಿ ಆದದ್ದು. ಒಮ್ಮೆ ನಮ್ಮ ಘಟಕಕ್ಕೆ ಬೇರೊಂದು ಆಸ್ಪತ್ರೆಯಿಂದ ಬಂದ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಅಜ್ಜಿಯ ತೊಡೆಯ ಮೇಲೆ ಅಂಗಾತ ಮಲಗಿಸಲಾಗಿತ್ತು. ರೆಫರ್ ಚೀಟಿಯಲ್ಲಿ ಉಸಿರಾಟದ ತೊಂದರೆ ಎಂಬ ಎರಡು ಪದಗಳ ಹೊರತು ದವಡೆಯ ಪ್ರಸ್ತಾಪವೇ ಇರಲಿಲ್ಲ. ಮಗುವನ್ನು ತಿರುಗಿಸಿ ಬೋರಲು ಮಲಗಿಸಿದ ಕೆಲವೇ ಕ್ಷಣಗಳಲ್ಲಿ ಅದರ ಗೊರಗೊರ ಸದ್ದು ಕಡಿಮೆಯಾಯಿತು. ಅಜ್ಜಿ, "ಇಷ್ಟ ಮಾಡೂದಿತ್ತೇನ್ರೀ ಅಕ್ಕಾರ? ನಮಗ ಯಾರರೆ ಹೇಳಿದ್ರ ದಾರಿ ತುಂಬ ಹಿಂಗ ಹಿಡಕೊಂಡು ಬರ್ತಿದ್ದೆ" ಎಂದರು. ಆ ಮಗು ಉಳಿಯಿತು. ಅಜ್ಜಿಯ ಪ್ರಶ್ನೆಯನ್ನು ನಾನು ಇಲಾಖೆಯ ಮುಂದಿಡುತ್ತಿದ್ದೇನೆ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ದೂರವಿರುವ ರಾಜ್ಯ ನಮ್ಮದು. ಉನ್ನತ ಆಸ್ಪತ್ರೆಗಳ ಸಂಖ್ಯೆಯನ್ನು ಹೆಚ್ಚಿಸಲು ವರ್ಷಗಳೇ ಬೇಕಾಗಬಹುದು. ಆದರೆ ಸಣ್ಣ ದವಡೆಯ ಮಗುವನ್ನು ಬೋರಲು ಅಥವಾ ಮಗ್ಗುಲು ಮಾಡಿಯೇ ಸಾಗಿಸಬೇಕು, ಅಗತ್ಯವಿದ್ದರೆ ಮೂಗಿನ ಟ್ಯೂಬ್ ಹಾಕಿ ಭದ್ರಪಡಿಸಿದ ನಂತರವೇ ಹೊರಡಿಸಬೇಕು, ಹೊರಡುವ ಮುನ್ನ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಬೇಕು ಎಂಬ ಸುತ್ತೋಲೆಯೊಂದನ್ನು 108 ಸಿಬ್ಬಂದಿಗೆ ಮತ್ತು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸಲು ಒಂದು ವಾರ ಸಾಕು.

ಹುಟ್ಟುವ ಮುನ್ನವೇ ಗೊತ್ತಾದರೆ ಇನ್ನೂ ಒಳ್ಳೆಯದು. 18ರಿಂದ 20 ವಾರಗಳ ನಡುವೆ ಮಗುವಿನ ಅಂಗಗಳ ದೋಷಗಳನ್ನು ಹುಡುಕಲು ಮಾಡುವ ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿನ ಮುಖವನ್ನು ಪಕ್ಕದಿಂದ ನೋಡಿದರೆ ಹಿಂದೆ ಸರಿದ ಗದ್ದ ಅನೇಕ ಬಾರಿ ಕಾಣುತ್ತದೆ. ಮಗು ಗರ್ಭದ ನೀರನ್ನು ಸರಿಯಾಗಿ ನುಂಗಲಾರದ ಕಾರಣ ತಿಂಗಳು ತುಂಬುತ್ತ ಬಂದಂತೆ ನೀರು ಅತಿಯಾಗಿ ಸೇರುವುದೂ ಒಂದು ಸೂಚನೆ. ವರದಿಯಲ್ಲಿ ಮುಖದ ಪಾರ್ಶ್ವನೋಟಕ್ಕೆ ಒಂದು ಸಾಲನ್ನು ಕಡ್ಡಾಯ ಮಾಡಬೇಕೆಂದು ಕೋರುತ್ತೇನೆ. ಇಂಥ ಸೂಚನೆ ಕಂಡ ತಾಯಿಯ ಹೆರಿಗೆ ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಮತ್ತು ಕಿವಿ-ಮೂಗು-ಗಂಟಲಿನ ಶಸ್ತ್ರಚಿಕಿತ್ಸಕರು ಇರುವ ಕಡೆ, ಅವರೆಲ್ಲ ಸಿದ್ಧರಾಗಿ ನಿಂತಿರುವಾಗ ಆಗಬೇಕು. ತೀರ ತೀವ್ರವಾದ ಕೆಲವೇ ಪ್ರಸಂಗಗಳಲ್ಲಿ, ಸಿಸೇರಿಯನ್ ಮಾಡಿ ಮಗುವಿನ ತಲೆಯನ್ನು ಹೊರತೆಗೆದು, ಹೊಕ್ಕುಳಬಳ್ಳಿ ಕತ್ತರಿಸುವ ಮುನ್ನ, ತಾಯಿಯ ಮಾಸಿನಿಂದಲೇ ಮಗುವಿಗೆ ಆಮ್ಲಜನಕ ಸಿಗುತ್ತಿರುವಾಗಲೇ ಉಸಿರಿನ ದಾರಿಯನ್ನು ಭದ್ರಪಡಿಸುವ ಎಕ್ಸಿಟ್ ಎಂಬ ವಿಧಾನವೂ ಇದೆ. ಅದಕ್ಕೆ ದೊಡ್ಡ ತಂಡ ಬೇಕು, ತಾಯಿಗೆ ರಕ್ತಸ್ರಾವದ ಅಪಾಯವೂ ಇರುತ್ತದೆ. ಜಿಲ್ಲಾ ಮಟ್ಟದಲ್ಲಿ ಅದನ್ನು ನಾನು ಕೇಳುತ್ತಿಲ್ಲ.

ಈಗ ಹೇಳುವುದು ಹೆರಿಗೆ ಕೊಠಡಿಯ ವಿಷಯಕ್ಕಿಂತಲೂ ಹೆಚ್ಚಾಗಿ ಮರೆತುಹೋಗುವ ವಿಷಯ. ಎಲ್ಲ ಸಣ್ಣ ದವಡೆಯ ಶಿಶುಗಳೂ ಹುಟ್ಟಿದ ಕ್ಷಣದಲ್ಲಿ ಉಸಿರುಗಟ್ಟುವುದಿಲ್ಲ. ಕೆಲವರು ಗಟ್ಟಿಯಾಗಿ ಅತ್ತು, ಎರಡು ಮೂರು ದಿನ ಚೆನ್ನಾಗಿಯೇ ಇದ್ದು, ಮನೆಗೆ ಹೋಗಿ, ಎರಡನೆಯ ಮೂರನೆಯ ವಾರದ ಹೊತ್ತಿಗೆ ಕಷ್ಟಪಡತೊಡಗುತ್ತಾರೆ. ಎಚ್ಚರವಿದ್ದಾಗ ಸರಿಯಿರುವ ಮಗು ನಿದ್ದೆಗೆ ಜಾರಿದೊಡನೆ ಗೊರಕೆ ಹೊಡೆಯುತ್ತದೆ, ನಡುನಡುವೆ ಸದ್ದೇ ನಿಂತುಹೋಗುತ್ತದೆ. ಅಂಗುಳ ಸೀಳಿರುವುದರಿಂದ ಮೊಲೆ ಚೀಪಲಾಗದು, ಹಾಲು ಮೂಗಿನಿಂದ ಬರುತ್ತದೆ, ಉಸಿರಿಗೇ ಶಕ್ತಿಯೆಲ್ಲ ವ್ಯಯವಾಗಿ ತೂಕ ಏರುವುದಿಲ್ಲ. ತೂಕ ಏರದಿರುವುದಕ್ಕೆ ತಾಯಿಯ ಹಾಲು ಸಾಲದು ಎಂಬ ಆರೋಪ ಬರುತ್ತದೆ, ಸೀಳಿಗೆ ಗ್ರಹಣದ ದಿನ ಅವಳು ಹೊರಗೆ ಬಂದದ್ದೇ ಕಾರಣ ಎಂಬ ಮಾತು ಬರುತ್ತದೆ. ಎರಡೂ ಸುಳ್ಳು, ಮತ್ತು ಇದನ್ನು ಆಸ್ಪತ್ರೆಯಲ್ಲಿಯೇ, ಅತ್ತೆ ಮಾವ ಗಂಡ ಎಲ್ಲರ ಎದುರಿಗೆ, ವೈದ್ಯರ ಬಾಯಿಂದಲೇ ಹೇಳಿ ಕಳುಹಿಸಬೇಕು.

ಇಲ್ಲಿ ನಮ್ಮಲ್ಲಿ ಈಗಾಗಲೇ ಇರುವ ಒಂದು ವ್ಯವಸ್ಥೆ ಬಹಳ ಉಪಯೋಗಕ್ಕೆ ಬರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಮಗುವಿನ ಮನೆಗೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ಕೊಡುತ್ತಾರೆ. ಸಣ್ಣ ದವಡೆಯ ಮಕ್ಕಳ ಸ್ಥಿತಿ ಹದಗೆಡುವ ಕಾಲವೂ ಇದೇ. ಆ ಭೇಟಿಯ ನಮೂನೆಯಲ್ಲಿ ಗದ್ದ ಹಿಂದೆ ಸರಿದಿದೆಯೇ, ನಿದ್ದೆಯಲ್ಲಿ ಸದ್ದು ಬರುತ್ತದೆಯೇ, ಎದೆ ಒಳಕ್ಕೆ ಎಳೆಯುತ್ತದೆಯೇ ಎಂಬ ಮೂರು ಪ್ರಶ್ನೆ ಸೇರಿಸಿದರೆ ಸಾಕು. ಕೋವಿಡ್ ಕಾಲದಲ್ಲಿ ಬಂದ ಬೆರಳಿನ ಆಕ್ಸಿಮೀಟರ್ ಹಸುಗೂಸಿಗೆ ಹೊಂದುವುದಿಲ್ಲವಾದ್ದರಿಂದ, ಅದರ ಅಂಕಿಯನ್ನು ನಂಬಿ ಕೂರಬಾರದೆಂದೂ ಅವರಿಗೆ ತಿಳಿಸಬೇಕು. ಮಕ್ಕಳ ಹುಟ್ಟುದೋಷಗಳನ್ನು ತಪಾಸಣೆಯಿಂದ ಗುರುತಿಸಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ತುಟಿ ಮತ್ತು ಅಂಗುಳದ ಸೀಳು ಇದೆ, ದವಡೆ ಪ್ರತ್ಯೇಕವಾಗಿ ಇಲ್ಲ. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿದ ಮಗು ಕಂಡಾಗಲೆಲ್ಲ ಗದ್ದವನ್ನೂ ಉಸಿರನ್ನೂ ನೋಡಲೇಬೇಕು ಎಂಬ ಸೂಚನೆಯನ್ನು ರಾಜ್ಯ ತನ್ನ ಮಟ್ಟದಲ್ಲಿಯೇ ಸೇರಿಸಬಹುದು.

ಮನೆಯ ಹಿರಿಯರಿಗೂ ಒಂದು ವಿನಂತಿ. ಕಾಲು ನೀಡಿ ಕುಳಿತು ಮಗುವನ್ನು ಕಾಲ ಮೇಲೆ ಬೋರಲು ಹಾಕಿ ಎರೆಯುವಾಗ ಉಸಿರು ಸರಾಗವಾಗಿದ್ದು, ಅಂಗಾತ ತಿರುಗಿಸಿದೊಡನೆ ಗೊರಗೊರ ಎಂದರೆ ಅದನ್ನು ನೆಗಡಿಯೆಂದು ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಮೂಗಿಗೆ ಎಣ್ಣೆ ಬಿಡುವುದು, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವುದು ಯಾವ ಮಗುವಿಗೂ ಒಳ್ಳೆಯದಲ್ಲ, ಈ ಮಕ್ಕಳಿಗಂತೂ ಪ್ರಾಣಾಂತಿಕ. ಅಂಗಾತ ಮಲಗಿಸಿ ಒಳಲೆಯಿಂದ ಹಾಲು ಹೊಯ್ಯುವುದೂ ಅಷ್ಟೇ ಅಪಾಯ. ಹಾಲನ್ನು ಹೇಗೆ, ಎಷ್ಟು ಕೊಡಬೇಕೆಂದು ಘಟಕದಲ್ಲಿ ಕಲಿತೇ ಹೋಗಬೇಕು, ಕೆಲವರಿಗೆ ಕೆಲವು ವಾರ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಿಂದಲೇ ಹಾಲು ಕೊಡಬೇಕಾಗುತ್ತದೆ.

ಮುಂದಿನ ಚಿಕಿತ್ಸೆಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮಗು ಬೆಳೆದಂತೆ ದವಡೆಯೂ ಬೆಳೆದು, ನಾಲಿಗೆಯ ಮೇಲಿನ ಹಿಡಿತ ಬಂದು, ಹೆಚ್ಚಿನ ಶಿಶುಗಳು ಮೊದಲ ವರ್ಷದೊಳಗೆ ಸುಧಾರಿಸುತ್ತವೆ. ಸುಧಾರಿಸದವರಿಗೆ ನಾಲಿಗೆಯನ್ನು ಕೆಳತುಟಿಗೆ ಹೊಲಿದು ಮುಂದೆ ಹಿಡಿದಿಡುವ ಶಸ್ತ್ರಚಿಕಿತ್ಸೆ ಇದೆ. ದವಡೆಯ ಮೂಳೆಯನ್ನು ಎರಡೂ ಕಡೆ ಕತ್ತರಿಸಿ, ಸಾಧನ ಕೂರಿಸಿ, ದಿನಕ್ಕೆ ಒಂದೆರಡು ಮಿ.ಮೀ.ನಂತೆ ನಿಧಾನವಾಗಿ ಉದ್ದ ಮಾಡುವ ಡಿಸ್ಟ್ರಾಕ್ಷನ್ ವಿಧಾನವೂ ಇದೆ. ಕೊನೆಯ ದಾರಿ ಟ್ರೇಕಿಯಾಸ್ಟಮಿ, ಎಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಅಲ್ಲಿಂದಲೇ ಉಸಿರಾಡಿಸುವುದು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ, ಧಾರವಾಡದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿನಲ್ಲಿ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಯ ಘಟಕವಿದೆ. ಯಾವ ಜಿಲ್ಲೆಯ ಮಗು ಯಾವ ಕೇಂದ್ರಕ್ಕೆ ಹೋಗಬೇಕು, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಡಿಸ್ಟ್ರಾಕ್ಷನ್ ಸಾಧನದ ವೆಚ್ಚ ಹೇಗೆ ಭರಿಸಲ್ಪಡುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಪ್ರತಿ ಎಸ್‌ಎನ್‌ಸಿಯುವಿನ ಗೋಡೆಗೆ ಅಂಟಿಸಿದರೆ ನಮ್ಮಂಥವರ ಬಹಳಷ್ಟು ಅಲೆದಾಟ ತಪ್ಪುತ್ತದೆ. ಈ ಮಕ್ಕಳಲ್ಲಿ ಕೆಲವರಿಗೆ ಕಣ್ಣು, ಕಿವಿಗಳನ್ನೂ ಬಾಧಿಸುವ ಸ್ಟಿಕ್ಲರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರುವುದರಿಂದ ಕಣ್ಣು ಮತ್ತು ಕಿವಿಯ ತಪಾಸಣೆಯನ್ನೂ ಅದೇ ಹಾಳೆಯಲ್ಲಿ ನೆನಪಿಸಬೇಕು. ದೃಷ್ಟಿಪಟಲ ಕಳಚಿದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ.

ನನ್ನ ಕೋರಿಕೆಗಳಲ್ಲಿ ಯಾವುದು ಮೊದಲು ಎಂದು ಕೇಳಿದರೆ, ತರಬೇತಿ ಎನ್ನುತ್ತೇನೆ. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಮುಂದಿನ ತಂಡದಿಂದಲೇ ಬೋರಲು ಮಲಗಿಸುವುದು ಮತ್ತು ಮೂಗಿನ ಟ್ಯೂಬ್ ಹಾಕುವುದನ್ನು ಗೊಂಬೆಯ ಮೇಲೆ ಮಾಡಿಸಿ ಕಲಿಸಬೇಕು. ಕಲಿಸುವ ಪಾಠವನ್ನು ಕನ್ನಡದಲ್ಲಿ ಬರೆದುಕೊಡಲು, ನನ್ನ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿ ನಾನೇ ಕಲಿಸಲು ಸಿದ್ಧಳಿದ್ದೇನೆ, ಬೇರೆ ಜಿಲ್ಲೆಗಳ ಸಹೋದ್ಯೋಗಿಗಳೂ ಮುಂದೆ ಬರುತ್ತಾರೆಂಬ ನಂಬಿಕೆಯಿದೆ. ಇಲಾಖೆಯಿಂದ ಬೇಕಾಗಿರುವುದು ಅನುಮತಿಯ ಆದೇಶ ಮತ್ತು ಸಿಬ್ಬಂದಿಗೆ ಆ ಅರ್ಧ ದಿನದ ಬಿಡುವು. ಅನುಮತಿ ದೊರೆತ ವಾರದಲ್ಲಿಯೇ ಕೆಲಸ ಆರಂಭಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಜಿಲ್ಲಾ ಆಸ್ಪತ್ರೆಯೊಂದರ ಮಕ್ಕಳ ವೈದ್ಯೆ